ಕಬ್ಬಿಣದಕ್ಕನ ಬಾಗಿಲು

ಕಬ್ಬಿಣದ ಒಂದು ಚೂರನ್ನೂ ಒಳಗೆ ಬಿಡದವಳಿಗೆ ಜನ ಇಟ್ಟ ಹೆಸರು ಕಬ್ಬಿಣದಕ್ಕ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ. ಯಂತ್ರಗಳನ್ನು ಪರೀಕ್ಷಿಸುವ ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು, ಒಳಹೋಗುವವರ ಮೈಮೇಲೆ ತಪಾಸಣೆಯ ಕೋಲು ಆಡಿಸುವುದು. ಪಿನ್ನು, ಬಕಲ್ಲು, ಕೀಲಿಕೈ, ಎಲ್ಲ ಅವಳ ಡಬ್ಬಕ್ಕೆ. ಸಂಶಯ ಬಂದರೆ ಕನ್ನಡಕವೂ ಡಬ್ಬಕ್ಕೇ. ಎಷ್ಟೋ ಪಂಡಿತರು ಗೋಡೆ ತಡವುತ್ತ ಒಳಗೆ ಹೋದದ್ದುಂಟು. "ಅಮ್ಮಾ, ಮದುವೆಮನೇಲಾದ್ರೂ ಬಂದವರ ಸೊಂಟ ನೋಡ್ಬೇಡ" ಎಂದು ಮಗಳು ಬೇಡಿಕೊಳ್ಳುತ್ತಿದ್ದಳು.

ಇಷ್ಟು ಮಡಿ ಯಾಕೆಂದರೆ, ಸೂರ್ಯನಿಂದ ಒಂದು ಗಾಳಿ ಹೊರಟು ಬರುತ್ತದಂತೆ. ಎಲೆ ಅಲುಗಿಸದ, ಕೆನ್ನೆ ಸವರದ ಗಾಳಿ. ಅದರ ಜೊತೆಗೆ ಬರುವ ಕಾಂತಬಲ ನೆಟ್ಟಗೆ ಬರುವ ಜಾತಿಯದಲ್ಲ. ಹೊಳೆಯ ಹಾಗೆ ದೊಡ್ಡ ಸುಳಿ ಒಡೆದು ಚಿಕ್ಕ ಸುಳಿ, ಚಿಕ್ಕದು ಒಡೆದು ಇನ್ನೂ ಚಿಕ್ಕದು. ಬಲವೋ, ದಿಕ್ಸೂಚಿಯ ಮುಳ್ಳನ್ನು ಭೂಮಿ ಎಳೆಯುವುದರ ಹತ್ತು ಸಾವಿರದಲ್ಲಿ ಒಂದು ಪಾಲು. ಅದನ್ನು ಅಳೆಯುವ ಯಂತ್ರ ಆಕಾಶಕ್ಕೆ ಹೋಗುವ ಮೊದಲು ಈ ಕೋಣೆಯಲ್ಲಿ ಸುಮ್ಮನಿದ್ದು ತೋರಿಸಬೇಕು. ಒಂದು ಹೇರ್‌ಪಿನ್ನು ನುಸುಳಿದರೂ ಕೆಲಸ ಕೆಟ್ಟಿತು.

ಆ ಸಲ ಯಂತ್ರ ಸುಮ್ಮನಿರಲಿಲ್ಲ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಪರದೆಯ ಮೇಲಿನ ಗೆರೆ ಹುಚ್ಚೆದ್ದು ಕುಣಿಯುತ್ತಿತ್ತು. ಯಂತ್ರದ ಸುತ್ತ ಓಡಾಡುತ್ತಿದ್ದ ಸಂಸ್ಥೆಯ ನಿರ್ದೇಶಕರು ಮೊದಲು ಬೆರಗಾದರು: "ನೋಡ್ರಯ್ಯಾ, ಸುಳಿಯೊಳಗೆ ಸುಳಿ! ಥೇಟ್ ಸೂರ್ಯನ ಗಾಳಿ!" ಆಮೇಲೆ ಸಿಟ್ಟಾದರು: "ಬಾಗಿಲಲ್ಲೇ ತಪ್ಪಾಗ್ತಿದೆ. ಶುಕ್ರವಾರದೊಳಗೆ ಇದು ನಿಲ್ಲದಿದ್ರೆ ಯಂತ್ರ ಇಲ್ಲೇ ಉಳಿಯುತ್ತೆ, ಆಯಮ್ಮ ಮನೇಲಿ ಉಳೀತಾರೆ."

ಕಬ್ಬಿಣದಕ್ಕ ಎಲ್ಲರನ್ನೂ ಎರಡೆರಡು ಸಲ ನೋಡಿದಳು. ಬಾಯಿ ತೆರೆಸಿ ಹಲ್ಲು ನೋಡಿದಳು, ಚಪ್ಪಲಿ ಬಿಡಿಸಿದಳು. ನೋಡದೆ ಉಳಿದವರು ಒಬ್ಬರೇ. ನಿರ್ದೇಶಕರನ್ನು ತಡೆಯುವಂತಿರಲಿಲ್ಲ, ಅದು ಬರೆದ ನಿಯಮವಲ್ಲ, ಎಲ್ಲರೂ ಬೆನ್ನು ಬಗ್ಗಿಸಿ ಬಗ್ಗಿಸಿ ಆದ ನಿಯಮ.

ಗುರುವಾರ ಎಂದಿನಂತೆ ಹನ್ನೊಂದಕ್ಕೆ ಬಂದ ನಿರ್ದೇಶಕರಿಗೆ ಅವಳು ಕೋಲು ಅಡ್ಡ ಹಿಡಿದಳು.

"ಕೈ ಎತ್ತಿ ಸಾರ್."

"ಏನಮ್ಮಾ, ನನಗೇನಾ?"

"ನೀವೂ ಒಳಗೇ ಹೋಗ್ತೀರಲ್ವಾ ಸಾರ್?"

ಸೊಂಟದ ಹತ್ತಿರ ಬಂದದ್ದೇ ತಡ, ಕೋಲು ಕಿರುಚಿಕೊಂಡಿತು. ಅಂಗಿ ಎತ್ತಿದರೆ ಒಂದು ಪಟ್ಟಿ. ಪಟ್ಟಿಯ ತುಂಬ ಅಯಸ್ಕಾಂತದ ಬಿಲ್ಲೆ. ಸೊಂಟನೋವಿಗೆ ಒಳ್ಳೆಯದೆಂದು ಟಿ.ವಿ. ಜಾಹೀರಾತು ನೋಡಿ ತರಿಸಿದ್ದು. ನಲವತ್ತು ವರ್ಷ ಕಾಂತಬಲವನ್ನೇ ಓದಿದವರು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದೆಂದರೆ ಇದೇ.

"ಯಾರಿಗೂ ಹೇಳ್ಬೇಡ ಕಣಮ್ಮಾ."

"ಹೇಳಲ್ಲ ಬಿಡಿ. ನೋವು ಕಮ್ಮಿ ಆಯ್ತಾ ಸಾರ್?"

"ಎಲ್ಲಿಂದ!"

ಪಟ್ಟಿ ಗೇಟಿನಾಚೆ ಹೋಯಿತು. ಪರದೆಯ ಗೆರೆ ಹಾಲು ಕುಡಿದ ಮಗುವಿನ ಹಾಗೆ ಮಲಗಿತು.

ಶುಕ್ರವಾರ ವಿಚಾರಣೆಗೆ ಸಮಿತಿ ಸೇರಿತು. "ಕಬ್ಬಿಣ ಎಲ್ಲಿತ್ತು?" ಎಂದರು.

"ಒಬ್ಬರ ಸೊಂಟದಲ್ಲಿ. ತೆಗೆಸಿದೆ."

"ಯಾರ ಸೊಂಟ?"

ನಿರ್ದೇಶಕರು ಸೂರು ನೋಡುತ್ತಿದ್ದರು.

"ನಾನು ಸೊಂಟ ಮಾತ್ರ ನೋಡೋದು ಸಾರ್, ಮುಖ ನೋಡೋದಿಲ್ಲ" ಎಂದಳು ಕಬ್ಬಿಣದಕ್ಕ.

ಕೆಲಸ ಉಳಿಯಿತು, ಯಂತ್ರವೂ ಹೊರಟಿತು. ಆದರೆ ಇಷ್ಟೆಲ್ಲ ಆದಮೇಲೆ ಸಮಿತಿ ಏನಾದರೂ ಮಾಡಲೇಬೇಕಲ್ಲ? ಬಾಗಿಲಲ್ಲಿ ಕೂರುವವರನ್ನೂ ಇನ್ನು ಮುಂದೆ ದಿನಾ ತಪಾಸಣೆ ಮಾಡತಕ್ಕದ್ದು ಎಂದು ಆದೇಶ ಹೊರಟಿತು. ನಿರ್ದೇಶಕರೇ ಸಹಿ ಹಾಕಿದರು. ಆ ಕೋಲು ಹಿಡಿಯುವುದು ಬೇರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಕಬ್ಬಿಣದಕ್ಕ ದಿನಾ ಬೆಳಿಗ್ಗೆ ತನ್ನ ಮೈಮೇಲೆ ತಾನೇ ಕೋಲು ಆಡಿಸಿಕೊಂಡು, "ಸರಿಯಾಗಿದ್ದಾರೆ" ಎಂದು ಬರೆದು, ತಪಾಸಣೆ ಮಾಡಿದವರು, ಮಾಡಿಸಿಕೊಂಡವರು ಎಂಬ ಎರಡೂ ಕಡೆ ತಾನೇ ಸಹಿ ಹಾಕಿ ಸ್ಟೂಲಿನ ಮೇಲೆ ಕೂರುತ್ತಾಳೆ.