ಪುಟ್ಟಮ್ಮನ ಓಟಿನ ಜೊತೆ ಗುಂಡ್ಲುಪೇಟೆಗೆ

ಮೈಸೂರಿನಿಂದ ಬೆಳಗಿನ ರೈಲು ಹೊರಟಾಗ ಸೋನೆ ಹಿಡಿದಿತ್ತು. ಚಾಮರಾಜನಗರಕ್ಕೆ ಹದಿನೈದು ರೂಪಾಯಿ ಟಿಕೆಟ್, ಎರಡು ಗಂಟೆಯ ದಾರಿ. ನಾನು ತಲುಪಬೇಕಾಗಿದ್ದದ್ದು ಗುಂಡ್ಲುಪೇಟೆಯಾಚೆ, ಬಂಡೀಪುರದ ರಸ್ತೆಯಲ್ಲಿರುವ ಚಿಕ್ಕಮ್ಮನ ಊರನ್ನು. ನಂಜನಗೂಡಿನ ಮೇಲೆ ನೇರ ಬಸ್ಸೇ ಇತ್ತು. ಆದರೆ ಚಿಕ್ಕಮ್ಮನ ಮಗಳು ರತ್ನ ಹಿಂದಿನ ದಿನ ಫೋನ್ ಮಾಡಿ, ಚಾಮರಾಜನಗರದ ಹತ್ತಿರದ ಕುದೇರಿಗೆ ಹೋಗಿ ಪುಟ್ಟಮ್ಮನನ್ನು ಕರೆದುಕೊಂಡು ಬಾ ಎಂದಿದ್ದಳು.

ರತ್ನ, ಪುಟ್ಟಮ್ಮ ಇಬ್ಬರೂ ಚಿಕ್ಕಮ್ಮನ ಊರಿನ ಗ್ರಾಮ ಪಂಚಾಯಿತಿ ಸದಸ್ಯರು. ಆ ಮಧ್ಯಾಹ್ನ ಅಧ್ಯಕ್ಷರ ಆಯ್ಕೆ. ಹಿಂದಿನ ಅವಧಿಯಲ್ಲಿ ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು. ಗೆದ್ದಾಕೆ ಮನೆಯಲ್ಲಿದ್ದಳು, ಗಂಡ ಬಂದು ಕುರ್ಚಿಯಲ್ಲಿ ಕೂರುತ್ತಿದ್ದ. ಈಗ ಮೀಸಲಾತಿ ‘ಸಾಮಾನ್ಯ’ ಎಂದು ಬಂದಿತ್ತು. ಹೆಂಗಸರ ಸರದಿ ಮುಗಿಯಿತು ಎಂದು ಊರಿನ ಹೂತೋಟದ ಯಜಮಾನ ತಾನೇ ನಿಂತಿದ್ದ. ರತ್ನಳೂ ನಿಂತಳು. “ಸಾಮಾನ್ಯ ಅಂದ್ರೆ ಗಂಡಸ್ರು ಅಂತ ಎಲ್ಲಿ ಬರ್ದದೆ ಕಣಕ್ಕ?” ಎಂದು ಫೋನಿನಲ್ಲೇ ನನ್ನನ್ನು ಕೇಳಿದ್ದಳು. ಉಳಿದ ಸದಸ್ಯರು ಸಮಸಮ ಹಂಚಿಹೋಗಿದ್ದರು. ಪುಟ್ಟಮ್ಮ ಬಂದರೆ ರತ್ನ ಗೆಲ್ಲುತ್ತಿದ್ದಳು. ಆದರೆ ಪುಟ್ಟಮ್ಮನ ಗಂಡ ಆ ಯಜಮಾನನ ತೋಟದಲ್ಲೇ ಕೆಲಸಕ್ಕಿದ್ದ. ಅವಳ ಮೊಬೈಲ್ ತಾನಿಟ್ಟುಕೊಂಡು ಅವಳನ್ನು ಕುದೇರಿನ ತವರಿಗೆ ಕಳಿಸಿಬಿಟ್ಟಿದ್ದ.

ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಇಡ್ಲಿ ತಿಂದು ಕುದೇರಿನ ಬಸ್ ಹತ್ತಿದೆ. ಎರಡೂ ಕಡೆ ಅರಿಸಿನದ ಹೊಲಗಳು ಮಳೆಗೆ ತೊಳೆದಂತೆ ನಿಂತಿದ್ದವು. ಪುಟ್ಟಮ್ಮ ತಾಯಿಯ ಮನೆಯಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. ನಲವತ್ತರ ಆಸುಪಾಸು, ಚೆಂಡು ಹೂ ಕಿತ್ತು ಕಿತ್ತು ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ನಾನು ಯಾರೆಂದು ಹೇಳಿ, ಚುನಾವಣೆ ಇವತ್ತೇ ಎಂದೆ. ಅವಳು ಕೆಲಸ ನಿಲ್ಲಿಸಿದಳು. ಅದು ಮುಂದಕ್ಕೆ ಹೋಯಿತು, ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಂಡಿರು ಎಂದು ಗಂಡ ಹೇಳಿದ್ದನಂತೆ. ಒಳಗೆ ಮಲಗಿದ್ದ ಮುದುಕಿಗೆ ಎಲ್ಲ ಕೇಳಿಸಿತ್ತು.

“ಓಗು ಕಣಮ್ಮಿ. ನನ್ನ ನೋಡ್ಕೊಳಕ್ಕೆ ಸೊಸೆ ಅವ್ಳೆ.”

ನಾನು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಮುಗಿಸುವಷ್ಟರಲ್ಲಿ ಪುಟ್ಟಮ್ಮ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಕಾಸಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ.

ಚಾಮರಾಜನಗರಕ್ಕೆ ಬಂದು ಗುಂಡ್ಲುಪೇಟೆ ಬಸ್ ಹಿಡಿದೆವು. ತೆರಕಣಾಂಬಿಯ ಮೇಲೆ ಒಂದು ಗಂಟೆಯ ದಾರಿ. ಇಷ್ಟಾದ ಮೇಲೆ ಗಂಡ ಅವಳನ್ನು ಮನೆಗೆ ಸೇರಿಸುತ್ತಾನೋ ಇಲ್ಲವೋ ಎಂದು ನನಗೇ ಅಳುಕು ಶುರುವಾಗಿ, ಕೇಳಿಯೇ ಬಿಟ್ಟೆ.

“ಸೇರಿಸ್ಕೊಳಕ್ಕೆ ಅವ್ನ್ಯಾರು? ಪಂಚಾಯ್ತಿಯವ್ರು ಕೊಟ್ಟ ಮನೆ. ಅಕ್ಕುಪತ್ರ ನನ್ನೆಸ್ರಲ್ಲೇ ಅದೆ,” ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಸಣ್ಣಗೆ ನಕ್ಕಳು.

ಗುಂಡ್ಲುಪೇಟೆಯಲ್ಲಿ ಮಳೆ ಬಿಟ್ಟಿತ್ತು. ಆಟೋದವನು ನೂರೈವತ್ತು ರೂಪಾಯಿ ಕೇಳಿದ, ಚೌಕಾಸಿಗೆ ಹೊತ್ತಿರಲಿಲ್ಲ. ಹೆದ್ದಾರಿಯುದ್ದಕ್ಕೂ ಚೆಂಡು ಹೂವಿನ ಹೊಲಗಳು. ಕೇರಳದ ಕಾರುಗಳು ಸಾಲಾಗಿ ನಿಂತಿದ್ದವು; ಜನ ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಈ ಹೊಲಗಳಲ್ಲೆಲ್ಲ ತಾನು ಕೂಲಿ ಮಾಡಿದ್ದೇನೆ ಎಂದು ಪುಟ್ಟಮ್ಮ ಹೇಳಿದಳು.

ಪಂಚಾಯಿತಿ ಕಚೇರಿಯ ಗೇಟಿನಲ್ಲಿ ಅವಳ ಗಂಡ ನಿಂತಿದ್ದ. ನಮ್ಮನ್ನು ಕಂಡು ಅವನ ಮುಖ ಸಪ್ಪಗಾಯಿತು.

“ಇಲ್ಲಿಗ್ಯಾಕೆ ಬಂದಮ್ಮಿ?”

“ಓಟಾಕಕ್ಕೆ,” ಎಂದು ಪುಟ್ಟಮ್ಮ ನಡಿಗೆ ನಿಧಾನ ಮಾಡದೆ ಒಳಗೆ ಹೋದಳು. ಅವನೂ ಹಿಂದೆ ಹೊರಟ. ಸದಸ್ಯರನ್ನು ಬಿಟ್ಟು ಯಾರೂ ಬರುವಂತಿಲ್ಲ ಎಂದು ಚುನಾವಣಾಧಿಕಾರಿ ಬಾಗಿಲು ಹಾಕಿಸಿದರು. ಆಕೆಯೂ ಹೆಂಗಸೇ.

ಹೊರಗೆ ಹೂ ಕೀಳುವ ಹೆಂಗಸರು ಅರ್ಧ ದಿನದ ಕೂಲಿ ಬಿಟ್ಟು ಬಂದು ಕೂತಿದ್ದರು. ನಾನೂ ಅವರ ಜೊತೆ ಕೂತೆ. ಯಜಮಾನನ ಕಡೆಯವರು ದೊಡ್ಡ ಹಾರವೊಂದನ್ನು ತಂದು ಜೀಪಿನ ಮೇಲಿಟ್ಟಿದ್ದರು. ಕೊನೆಗೆ ಬಾಗಿಲು ತೆರೆಯಿತು. ರತ್ನ ಒಂದು ಮತದಿಂದ ಗೆದ್ದಿದ್ದಳು.

ಆಗ ಎದ್ದ ಗದ್ದಲಕ್ಕೆ ಮರದ ಹಕ್ಕಿಗಳು ಹಾರಿಹೋದವು. ರತ್ನಳಿಗೆ ಹಾರ ತರುವುದು ಯಾರಿಗೂ ಹೊಳೆದಿರಲಿಲ್ಲ. ಒಬ್ಬಾಕೆ ಪಕ್ಕದ ತನ್ನ ಹೊಲಕ್ಕೆ ಓಡಿ ಸೆರಗಿನ ತುಂಬ ಚೆಂಡು ಹೂ ಕಿತ್ತು ತಂದು ಅವಳ ತಲೆಯ ಮೇಲೆ ಸುರಿದಳು. ಹೂ ಕೂದಲಲ್ಲಿ ಸಿಕ್ಕಿಕೊಂಡಂತೆಯೇ ರತ್ನ ಒಳಗೆ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು. ರತ್ನಳ ಗಂಡ ಹೊರಗೆ ಎಲ್ಲರಿಗೂ ಟೀ ಹಂಚುತ್ತಿದ್ದ. ನನ್ನ ಕಣ್ಣು ತುಂಬಿಬಂದಿತ್ತು.

ಸಂಜೆ ಬಸ್ಸಿಗೆ ಹೊತ್ತಾಗಿ ನಾನು ರಸ್ತೆಗೆ ಬಂದೆ. ಕಚೇರಿಯ ಮುಂದೆ ಸದಸ್ಯರೆಲ್ಲ ಫೋಟೋಗೆ ನಿಲ್ಲುತ್ತಿದ್ದರು. ರತ್ನಳ ಪಕ್ಕದಲ್ಲೇ ಪುಟ್ಟಮ್ಮ. ಅಷ್ಟು ಹೊತ್ತು ದೂರ ನಿಂತಿದ್ದ ಪುಟ್ಟಮ್ಮನ ಗಂಡ ಮೆಲ್ಲಗೆ ಬಂದು, ಅಂಗಿ ಸರಿಮಾಡಿಕೊಂಡು, ಅವಳ ಭುಜಕ್ಕೆ ಭುಜ ಸೇರಿಸಿ ನಿಂತ.

“ಇದು ಮೆಂಬರ್‌ಗಳ ಫೋಟೋ ಕಣ. ನೀ ವಸಿ ಆ ಕಡೆ ನಿಂತ್ಕೊ,” ಎಂದಳು ಪುಟ್ಟಮ್ಮ.

ಅವನು ಆ ಕಡೆ ನಿಂತುಕೊಂಡ. ಬಸ್ ಬಂತು.