ಎರಡು ಸಲ ತಿರುಗಿದ ಒಂಬತ್ತು ಗಂಟೆ

ಬಣ್ಣದ ಅಂಗಡಿ ಇಟ್ಟು ಮೇಲೆ ಬಂದವನು ನಾನು. ಯಾವ ಗಿರಾಕಿ ಯಾವ ಗೋಡೆಗೆ ಯಾವ ಬಣ್ಣ ಒಯ್ದ ಎಂದು ಚೀಟಿಯಲ್ಲಿ ಬರೆದಿಡುತ್ತಿದ್ದೆ. ಎರಡನೇ ಡಬ್ಬ ಮೊದಲನೆಯದಕ್ಕೆ ಹೊಂದದಿದ್ದರೆ ಗಿರಾಕಿ ಹೋದ ಹಾಗೇ. ಕಾದಂಬರಿ ಬರೆಯಲು ಕೂತಾಗಲೂ ಅದೇ ಉಪಾಯ: ಪಾತ್ರಕ್ಕೊಂದು ಚೀಟಿ. ಎಡಗೈಯಲ್ಲಿ ಬರೆಯುವವಳೋ, ಯಾವ ಕಾಲು ಉಳುಕಿತ್ತು, ಚಹಾಕ್ಕೆ ಎಷ್ಟು ಸಕ್ಕರೆ. ಬರೆಯುವವರೇ, ನೆನಪನ್ನು ನಂಬಬೇಡಿ, ಚೀಟಿಯನ್ನು ನಂಬಿ. ಆದರೆ ಗಂಟೆಯ ಮುಂದೆ ಬೆಳಿಗ್ಗೆಯೋ ಮಧ್ಯಾಹ್ನವೋ ಬಿಡಿಸಿ ಬರೆಯಿರಿ. ನಾನು ಬರೆದಿರಲಿಲ್ಲ.

ಕಾದಂಬರಿಯಲ್ಲಿ ಬರುವ ತಾಯಿ ಎಂದರೆ ನನ್ನ ಹೆಂಡತಿಯ ತಾಯಿಯೇ. ನೈರೋಬಿಯ ಕಸರಾನಿಯಲ್ಲಿ ಟೀಚರಾಗಿದ್ದವರು. ಮಗಳಿಗೆ ಏಳು ವರ್ಷವಿದ್ದಾಗ, ಮೊಂಬಾಸದಲ್ಲಿ ಕಾಯಿಲೆ ಬಿದ್ದ ತಂಗಿಯ ಆರೈಕೆಗೆಂದು ಬಸ್ಸು ಹತ್ತಿದರು. ಅಲ್ಲೇ ಜ್ವರ ಬಂದು ತೀರಿಕೊಂಡರು. "ಅಮ್ಮನ ಬಸ್ಸು ಸಾ ಟಾಟು," ಎಂದಿದ್ದಳು ಹೆಂಡತಿ. ಹಾಗೆಂದರೆ ಮೂರು ಗಂಟೆ. ಆದರೆ ಸ್ವಾಹಿಲಿಯಲ್ಲಿ ದಿನದ ಎಣಿಕೆ ಶುರುವಾಗುವುದು ಬೆಳಗಿನ ಆರಕ್ಕೆ. ಅವರ ಮೂರು ನಮ್ಮ ಒಂಬತ್ತು. ಜಾಣ ನಾನು, ಆಗಲೇ ತಿರುಗಿಸಿ ಚೀಟಿಯಲ್ಲಿ ಒಂಬತ್ತು ಎಂದು ಗೀಚಿದೆ. ತಿಂಗಳುಗಳ ಮೇಲೆ ಅಧ್ಯಾಯ ಬರೆಯುವಾಗ, ಆ ಒಂಬತ್ತೇ ಸ್ವಾಹಿಲಿ ಗಂಟೆ ಎಂದುಕೊಂಡು ಇನ್ನೊಮ್ಮೆ ತಿರುಗಿಸಿದೆ. ಮಧ್ಯಾಹ್ನ ಮೂರಾಯಿತು.

ಮೂರರ ಬಿಸಿಲು ತಾನಾಗಿಯೇ ಬರೆಸಿಕೊಂಡಿತು. ಶಾಲೆ ಬಿಟ್ಟೊಡನೆ ಹುಡುಗಿ ಕೆಂಪು ಧೂಳಿನಲ್ಲಿ ತೇಲಿದಂತೆ ಓಡಿಬಂದಳು. ತಾಯಿ ಬಾಗಿ, ಹಣೆಗಂಟಿದ ಅವಳ ಕೂದಲು ಸರಿಸಿದಳು. ಬಸ್ಸು ಹೊರಟಿತು. ಕಿಟಕಿಯಾಚೆ ಆಡುತ್ತಿದ್ದ ಕೈ ಬೆಳಕಿನಲ್ಲಿ ಕರಗುವ ತನಕ ಹುಡುಗಿ ನಿಂತೇ ಇದ್ದಳು.

ಒಂದು ಭಾನುವಾರ, ಲೊರೆಶೋದ ನಮ್ಮ ಮನೆಯ ಜಗಲಿಯಲ್ಲಿ ಹೆಂಡತಿ ಆ ಪುಟ ಓದಿದಳು. ಮೋಡದ ನೆರಳು ಹುಲ್ಲಿನ ಮೇಲೆ ನಿದ್ದೆಗಣ್ಣಿನಲ್ಲಿ ನಡೆದಂತೆ ಸರಿಯುತ್ತಿತ್ತು.

"ರೀ, ಇದು ಯಾವ ಮೂರು ಗಂಟೆ?"

"ಯಾಕೆ, ನೀನೇ ಹೇಳಿದ್ದಲ್ವಾ?"

"ನಾನು ಹೇಳಿದ್ದು ಸಾ ಟಾಟು. ಮಾರ್ನಿಂಗ್. ನಾನು ಸ್ಕೂಲಲ್ಲಿದ್ದೆ ಕಣ್ರೀ. ಮನೆಗೆ ಬಂದಾಗ ಅಮ್ಮ ಹೋಗಿಯಾಗಿತ್ತು."

ಚೀಟಿ ತಂದು ತೋರಿಸಿದೆ. ನಕ್ಕಳು. "ಇಷ್ಟು ವರ್ಷ ನೈರೋಬಿಯಲ್ಲಿ ಅಂಗಡಿ ನಡೆಸಿದ್ದೀರ, ಗಂಟೆ ನೋಡೋಕೆ ಬರಲ್ವಾ ನಿಮಗೆ!"

ಪೆನ್ನು ತೆಗೆದೆ. "ಕೊಡು ಇಲ್ಲಿ, ಹೊಡೆದುಹಾಕ್ತೀನಿ."

ಅವಳು ಕೊಡಲಿಲ್ಲ. ಪುಟವನ್ನು ಮಡಿಲಲ್ಲಿಟ್ಟುಕೊಂಡಳು. ಹೊರಡುವ ಮುಂಚೆ ತಾಯಿಯ ಕೈ ತನ್ನ ಹಣೆ ಮುಟ್ಟಿದ್ದು ಅವಳಿಗೆ ಆ ಪುಟದಲ್ಲಿ ಮಾತ್ರ ಇತ್ತು.

"ಬೇಡ ರೀ. ಹಾಗೇ ಇರಲಿ." ಆಮೇಲೆ ಕೇಳಿದಳು: "ಬಸ್ಸು ಇನ್ನೂ ಲೇಟ್ ಮಾಡೋಕಾಗತ್ತಾ? ಹಾಫ್ ಅವರ್ ಸಾಕು."

ಕೇಳಿದ್ದಕ್ಕಿಂತ ಹೆಚ್ಚು ಯಾರಿಗೂ ಕೊಟ್ಟವನಲ್ಲ ನಾನು. ಬಸ್ಸಿನ ಟೈರು ಪಂಕ್ಚರ್ ಮಾಡಿಸಿ ಒಂದೂವರೆ ಗಂಟೆ ಕೊಟ್ಟೆ. ಹುಡುಗಿ ತಾಯಿಯ ಪಕ್ಕ ಕಲ್ಲಿನ ಮೇಲೆ ಕೂತು, ಅವತ್ತು ಶಾಲೆಯಲ್ಲಿ ಏನೇನಾಯಿತೆಂದು ಮೊದಲಿನಿಂದ ಹೇಳತೊಡಗಿದಳು.