ನನ್ನ ಮಗಳಿಗೆ ಕೊಡದ ಬಾಟ್ಲಿ

ನಾನು ಮದುವೆಯಾಗಿ ಹೋದದ್ದು ಪ್ಲಾಸ್ಟಿಕ್ ಸಾಮಾನಿನ ಅಂಗಡಿಯವರ ಮನೆಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೂಡಿದ ಜಗಳ ನಮ್ಮ ಮನೆಯ ಅನ್ನಕ್ಕೇ ಕೈ ಹಾಕುವಂಥದ್ದಾಗಿತ್ತು ಎಂಬುದು ಓದುವವರಿಗೆ ಗೊತ್ತಿರಲಿ.

ಅಂಗಡಿ ಹಿರಿಯೂರಿನಲ್ಲಿ, ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ದೂರ. ಮಾವ ಮೊದಲು ಹಿತ್ತಾಳೆ, ಸ್ಟೀಲ್ ಪಾತ್ರೆ ಮಾರುತ್ತಿದ್ದವರು. ತೊಂಬತ್ತರ ದಶಕದಲ್ಲಿ ಹಳ್ಳಿಗಳಿಂದ ಬಂದ ಹೆಂಗಸರು ಪ್ಲಾಸ್ಟಿಕ್ ಕೊಡವನ್ನೇ ಕೇಳತೊಡಗಿದಾಗ ಅವರೂ ದಾರಿ ಬದಲಿಸಿದರು. ದೂರದ ಬೋರ್‌ವೆಲ್ಲಿನಿಂದ ನೀರು ಹೊರುವವಳಿಗೆ ಹಗುರದ ಕೊಡ ಎಷ್ಟು ದೊಡ್ಡ ಆಸರೆ ಎಂಬುದು ನನಗೂ ಗೊತ್ತು. ಹೊಳಲ್ಕೆರೆ ಸೀಮೆಯ ನನ್ನ ತವರಿನಲ್ಲಿ ನಾನೂ ನೀರು ಹೊತ್ತವಳೇ. ಹಾಗಾಗಿ ಕೊಡ, ಬಕೆಟ್ಟುಗಳ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ.

ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಒಂದು ದಿನ ನೀರಿನ ಪೈಪಿನ ತುಂಡನ್ನೂ ಒಂದು ರೇನ್‌ಕೋಟನ್ನೂ ತರಗತಿಗೆ ತಂದಿದ್ದರು. "ಎರಡೂ ಒಂದೇ ಜಾತಿ ಪ್ಲಾಸ್ಟಿಕ್ಕು. ಇದು ಯಾಕೆ ಗಟ್ಟಿ, ಅದು ಯಾಕೆ ಮೆತ್ತಗೆ?" ಎಂದು ಕೇಳಿದರು. ಉತ್ತರವನ್ನೂ ಅವರೇ ಕೊಟ್ಟರು. "ಮೆತ್ತಗಾಗಲಿ ಅಂತ ಎಣ್ಣೆಯಂಥ ಒಂದು ರಾಸಾಯನಿಕ ಸೇರಿಸ್ತಾರೆ. ಅದು ಒಳಗೆ ಸೇರಿಕೊಂಡಿರುತ್ತೆ, ಬೆಸೆದುಕೊಂಡಿರಲ್ಲ. ಬಿಸಿ ತಾಗಿದರೆ, ಜಿಡ್ಡು ತಾಗಿದರೆ ಮೆಲ್ಲಗೆ ಹೊರಗೆ ಬರುತ್ತೆ" ಎಂದರು. ನಾನು ಅದನ್ನು ಪರೀಕ್ಷೆಯಲ್ಲಿ ಬರೆದೆ, ಅಂಕ ತೆಗೆದುಕೊಂಡೆ, ಮರೆತೆ.

ನನ್ನ ಮಗಳು ಹುಟ್ಟಿದ್ದು ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದಾಗ. ನಾಮಕರಣದ ದಿನ ಮಾವ ಅಂಗಡಿಯಿಂದ ಒಂದು ದೊಡ್ಡ ಪೆಟ್ಟಿಗೆ ತಂದು ತೊಟ್ಟಿಲ ಪಕ್ಕ ಇಟ್ಟರು. ಗಾಜಿನಂತೆ ಹೊಳೆಯುವ ಎರಡು ಹಾಲಿನ ಬಾಟ್ಲಿ, ಬಣ್ಣಬಣ್ಣದ ಬಟ್ಟಲು, ಹಲ್ಲು ಬರುವಾಗ ಕಚ್ಚಲು ಮೆತ್ತನೆಯ ರಿಂಗು, ಒತ್ತಿದರೆ ಕೀಂಯ್ ಎನ್ನುವ ಬಾತುಕೋಳಿ. "ನನ್ನ ಮೊಮ್ಮಗಳಿಗೆ ಅಂಗಡೀಲಿರೋದ್ರಲ್ಲೇ ಮೇಲಿನ ಮಾಲು" ಎಂದು ಬಂದವರಿಗೆಲ್ಲ ತೋರಿಸಿದರು. ಅವರ ಮುಖದಲ್ಲಿದ್ದ ಸಂತೋಷ ನನಗೆ ಇವತ್ತಿಗೂ ನೆನಪಿದೆ. ಆಮೇಲೆ ಅದನ್ನು ಕೆಡಿಸಿದವಳು ನಾನೇ.

ಮಗುವಿಗೆ ಆರು ತಿಂಗಳಾದಾಗ ನಾನು ಮತ್ತೆ ಶಾಲೆಗೆ ಹೋಗತೊಡಗಿದೆ. ಊರಿನದೇ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಹಗಲು ಹಾಲು ಕುಡಿಸುವ ಕೆಲಸ ಅತ್ತೆಯದು. ಅತ್ತೆ ಶುಚಿಗೆ ಹೆಸರಾದವರು, ದಿನಾ ಎರಡು ಸಲ ಬಾಟ್ಲಿಯನ್ನು ಪಾತ್ರೆಯಲ್ಲಿಟ್ಟು ಗಳಗಳ ಕುದಿಸುತ್ತಿದ್ದರು. ಒಂದು ತಿಂಗಳೊಳಗೆ ಹೊಳಪೆಲ್ಲ ಹೋಗಿ ಬಾಟ್ಲಿ ಮಬ್ಬಾಯಿತು, ಒಳಗೆ ಕೂದಲೆಳೆಯಂಥ ಗೀರುಗಳು ಕಂಡವು. ಬಿಸಿ ಹಾಲು ಹಾಕಿ ಮೂಸಿದರೆ ಹಾಲಿನದಲ್ಲದ ವಾಸನೆ. ಕಚ್ಚುವ ರಿಂಗು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇದ್ದರೆ ಸಾಕು, ಬೆರಳಿಗೆ ಅಂಟುತ್ತಿತ್ತು. ಮೇಷ್ಟ್ರ ರೇನ್‌ಕೋಟು ಆಗ ನೆನಪಾಯಿತು. ಗಟ್ಟಿ ಬಾಟ್ಲಿಗಳ ಬಗ್ಗೆಯೂ ಹೊರದೇಶಗಳಲ್ಲಿ ಅನುಮಾನ ಎದ್ದಿದೆ, ಬಿಸಿಗೆ ಅವುಗಳಿಂದ ಇಳಿಯುವ ರಾಸಾಯನಿಕವೊಂದು ಮೈಯೊಳಗೆ ಹೋಗಿ ಹಾರ್ಮೋನಿನ ವೇಷ ಹಾಕುತ್ತದೆ ಎಂದು ಶಾಲೆಗೆ ಬರುತ್ತಿದ್ದ ಪತ್ರಿಕೆಯಲ್ಲಿ ಓದಿದ್ದೆ.

ಒಂದು ಬೆಳಗ್ಗೆ ಬಾಟ್ಲಿಯನ್ನು ಅತ್ತೆಯ ಮುಂದಿಟ್ಟೆ.

"ಅತ್ತೆ, ಇನ್ಮೇಲೆ ಇದರಲ್ಲಿ ಹಾಲು ಬ್ಯಾಡ್ರಿ."

"ಯಾಕೆ, ಸೋರ್ತೈತಾ?"

"ಸೋರಲ್ಲ. ಕುದ್ದು ಕುದ್ದು ಹೆಂಗಾಗೈತೆ ನೋಡ್ರಿ. ಅದರದ್ದೇ ಏನೋ ಹಾಲಿಗೆ ಇಳೀತೈತೆ."

"ಹಂಗಾರೆ ಹೊಸದು ತರ್ಸಾಣ ಬಿಡು. ಅಂಗಡೀಲಿ ರಾಶಿ ಅವೆ."

"ಹೊಸದೂ ಬ್ಯಾಡ. ಒಳಲೇಲಿ ಹಾಕಾಣ."

ಒಳಲೆ ಎಂದರೆ ಹಿಂದಿನವರು ಕೂಸಿಗೆ ಹಾಲು ಹಾಕುತ್ತಿದ್ದ, ಮೂತಿಯಿರುವ ಪುಟ್ಟ ಲೋಹದ ಬಟ್ಟಲು. ನಾನು ಆ ಹೆಸರು ಹೇಳಿದ್ದೇ ತಡ, ಅತ್ತೆಯ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

"ಅದರ ಹೆಸರೆತ್ತಬ್ಯಾಡ ನನ್ನ ಮುಂದೆ. ನಿನ್ನ ಗಂಡ ನಾಲ್ಕು ತಿಂಗಳ ಕೂಸು. ಒಳಲೇಲಿ ಹಾಲು ಹಾಕ್ತಿದ್ದೆ, ನೆತ್ತಿಗೇರ್ತು. ಮೈಯೆಲ್ಲ ನೀಲಿಗಟ್ಕಂಡು ಉಸಿರೇ ಇಲ್ಲ. ಪಕ್ಕದ ಮನೆ ಅಜ್ಜಿ ಬಂದು ಬೋರ್ಲು ಹಾಕ್ಕಂಡು ಬೆನ್ನಿಗೆ ಗುದ್ದಿದ್ಲು, ಆಗ ಅತ್ತ. ಆ ಅಜ್ಜಿ ಮನೇಲಿಲ್ದಿದ್ರೆ ನಿನಗೆ ಗಂಡ ಎಲ್ಲಿರ್ತಿದ್ದ? ಬಾಟ್ಲಿ ಬಂದ ಮೇಲೆ ನಾನು ಧೈರ್ಯವಾಗಿ ಉಸಿರು ಬಿಟ್ಟಿದ್ದು."

ಅಷ್ಟು ದಿನ ಅತ್ತೆಯದು ಹೊಸ ಸಾಮಾನಿನ ಮೋಹ ಎಂದುಕೊಂಡಿದ್ದೆ. ಅವರದು ಭಯವಾಗಿತ್ತು, ನನ್ನದೂ ಭಯವೇ. ಆದರೂ ನಾನು ಬಾಟ್ಲಿಯನ್ನು ವಾಪಸ್ ಅವರ ಕೈಗೆ ಕೊಡಲಿಲ್ಲ. "ಒಳಲೆ ಬ್ಯಾಡ ಬಿಡ್ರಿ. ಬೇರೆ ದಾರಿ ಹುಡುಕ್ತೀನಿ" ಎಂದೆ.

ಮುಂದಿನ ಭಾನುವಾರ ಗಾಜಿನ ಬಾಟ್ಲಿ ಹುಡುಕಿಕೊಂಡು ಚಿತ್ರದುರ್ಗಕ್ಕೆ ಹೋದೆ. ಮೂರು ಔಷಧದ ಅಂಗಡಿಯಲ್ಲಿ ನಕ್ಕರು. "ಗಾಜಿಂದಾ? ಅದೆಲ್ಲ ನಮ್ಮಪ್ಪನ ಕಾಲಕ್ಕೇ ಮುಗೀತಲ್ಲ ಮೇಡಂ" ಎಂದರು ಒಬ್ಬರು. ನಾಲ್ಕನೆಯ ಅಂಗಡಿಯ ಮುದುಕರು ಏಣಿ ಹತ್ತಿ, ಧೂಳು ಹಿಡಿದ ಎರಡು ಡಬ್ಬಿ ಇಳಿಸಿ, ಊದಿ ಕೊಟ್ಟರು. ಬಸ್ಸಿನಲ್ಲಿ ಅವನ್ನು ಸೀರೆಯ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಹಿರಿಯೂರಿಗೆ ಬರುವಾಗ ಯುದ್ಧವನ್ನೇ ಗೆದ್ದ ಹಾಗಿತ್ತು.

ಹತ್ತು ದಿನಕ್ಕೆ ಒಂದು ಒಡೆಯಿತು. ಸೋಪು ಹಚ್ಚಿದ ಅತ್ತೆಯ ಕೈಯಿಂದ ಜಾರಿ, ಕಡಪ ಕಲ್ಲಿನ ಮೇಲೆ ಬಿದ್ದು ಅಡುಗೆಮನೆ ತುಂಬ ಚೂರು. ಮಗು ಅಂಬೆಗಾಲಿಕ್ಕಲು ಶುರು ಮಾಡಿತ್ತು. ನಾನು ಶಾಲೆಯಿಂದ ಬಂದಾಗ ಅತ್ತೆ ಟಾರ್ಚು ಹಿಡಿದು ಮೂಲೆಮೂಲೆಯಲ್ಲಿ ಗಾಜು ಹುಡುಕುತ್ತಿದ್ದರು. "ಪ್ಲಾಸ್ಟಿಕ್ಕಿನಾಗೆ ಏನೋ ಇಳೀತೈತೆ ಅಂದಿ. ಇದು ಕಾಲಿಗೆ ಇಳಿದಿದ್ರೆ?" ಎಂದರು. ಗಂಡ ಬಾಗಿಲಲ್ಲಿ ನಿಂತಿದ್ದವರು, "ಸಾಕು ಕಣೇ, ಹಳೇದನ್ನೇ ಕೊಡು" ಎಂದರು.

"ಕೊಡಲ್ಲ" ಎಂದೆ.

ಉಳಿದ ಗಾಜಿನ ಬಾಟ್ಲಿಯನ್ನೂ ಮೇಲಿಟ್ಟೆ. ಸ್ಟೀಲ್ ಲೋಟ, ಚಿಕ್ಕ ಚಮಚ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಚಮಚದ ಅಂಚನ್ನು ಕೆಳದುಟಿಗೆ ತಾಗಿಸಿದರೆ ಅದೇ ಹೀರಿಕೊಳ್ಳುತ್ತದೆ, ನಾವು ಬಾಯಿಗೆ ಸುರಿಯಬೇಕಿಲ್ಲ. ಒಂದು ಲೋಟ ಹಾಲಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅರ್ಧ ಹಾಲು ನನ್ನ ಸೀರೆಗೆ. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಊಟ ಬಿಟ್ಟು ಮನೆಗೆ ಓಡಿ ಬಂದು ಕುಡಿಸಿ ಮತ್ತೆ ಓಡುತ್ತಿದ್ದೆ. ಮೂರನೆಯ ವಾರ ಒಂದು ದಿನ ಓಡಿ ಬಂದು ನೋಡಿದರೆ ಅತ್ತೆಯೇ ಗೋಡೆಗೊರಗಿ ಕೂತು, ಚಮಚದಲ್ಲಿ ತೆಳ್ಳಗಿನ ರಾಗಿ ಸರಿ ತಿನ್ನಿಸುತ್ತಿದ್ದರು. ನನ್ನನ್ನು ನೋಡಿ, "ನೀನು ಮೊದ್ಲು ಉಣ್ಣು ಹೋಗು. ಇದು ನನ್ನ ಕೈಲೂ ಆಗ್ತೈತೆ" ಎಂದರು.

ವಿಷಯ ಅಲ್ಲಿಗೇ ನಿಂತಿದ್ದರೆ ಮನೆಯೊಳಗಿನ ಮಾತಾಗಿ ಮುಗಿಯುತ್ತಿತ್ತು. ಆದರೆ ಭಾನುವಾರಗಳಲ್ಲಿ ನಾನು ಅಂಗಡಿಯಲ್ಲಿ ಕೂರುವ ರೂಢಿಯಿತ್ತು. ಅಂಥ ಒಂದು ಭಾನುವಾರ ಗಂಡ ಮಾಲು ತರಲು ಹೋಗಿದ್ದರು, ಮಾವ ಒಳಗೆ ಗೋಡೌನಿನಲ್ಲಿ ಬಕೆಟ್ ಜೋಡಿಸುತ್ತಿದ್ದರು. ಕುರಿ ಸಾಕುವ ಮನೆಯ ಒಬ್ಬ ಹೆಂಗಸು ಬಂದಳು. ಇಪ್ಪತ್ತು ದಾಟಿರಲಿಕ್ಕಿಲ್ಲ, ಕಂಕುಳಲ್ಲಿ ನನ್ನ ಮಗಳಿಗಿಂತ ಚಿಕ್ಕ ಕೂಸು.

"ಅಕ್ಕ, ಹಾಲಿನ ಬಾಟ್ಲಿ ಕೊಡ್ರಿ. ಕೆಲಸಕ್ಕೆ ಹೋಗ್ಬೇಕು, ಕೂಸನ್ನ ನಮ್ಮವ್ವನ ತಾವ ಬಿಡ್ತೀನಿ."

ಬಾಟ್ಲಿ ನನ್ನ ತಲೆಯ ಹಿಂದಿನ ಕಪಾಟಿನಲ್ಲೇ ಇತ್ತು. ಕೈ ಮೇಲೆತ್ತಿದವಳು ಹಾಗೇ ನಿಂತುಬಿಟ್ಟೆ. ಎತ್ತಿ ಕೊಟ್ಟರೆ ಮುಗಿಯಿತು, ಯಾರೂ ಏನೂ ಕೇಳುವುದಿಲ್ಲ. ಆದರೆ ಮನೆಯಲ್ಲಿ ಅಷ್ಟು ರಂಪ ಮಾಡಿದ ನಾನು ಅದೇ ಕೈಯಿಂದ ಇವಳ ಕೂಸಿಗೆ ಇದನ್ನು ಹೇಗೆ ಕೊಡಲಿ?

"ಇದು ಬ್ಯಾಡ ಕಣಮ್ಮ" ಎಂದೆ. "ಬಿಸಿ ಹಾಲು ಹಾಕಿದ್ರೆ ಇದರೊಳಗಿನ ರಾಸಾಯನಿಕ ಹಾಲಿಗೆ ಬರ್ತೈತೆ ಅಂತಾರೆ. ನಾನು ನನ್ನ ಮಗೂಗೆ ಕೊಡ್ತಿಲ್ಲ."

ಅವಳು ಅಂಗಡಿಯನ್ನೆಲ್ಲ ಒಮ್ಮೆ ನೋಡಿದಳು. "ಮತ್ತೆ ಯಾಕಕ್ಕ ಇಟ್ಕಂಡೀರಿ?"

ಎತ್ತಿದ ಕೈ ಇಳಿಸಿದೆ. ಮನೆಯಲ್ಲಿ ಸ್ಟೀಲ್ ಲೋಟ ಇದೆಯೇ ಎಂದು ಕೇಳಿದೆ, ಇದೆ ಎಂದಳು. ಅವಳ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಟೀ ಲೋಟಕ್ಕೆ ನೀರು ಹಾಕಿ, ಚಮಚವನ್ನು ಅವಳ ತಾಯಿ ಹೇಗೆ ಹಿಡಿಯಬೇಕೆಂದು ತೋರಿಸಿದೆ. ಅವಳು ಹೊರಟ ಮೇಲೆ ಹಿಂತಿರುಗಿದರೆ ಗೋಡೌನಿನ ಬಾಗಿಲಲ್ಲಿ ಮಾವ.

"ಏನಮ್ಮ, ಅಂಗಡೀಲಿ ಕುಂತ್ಕಂಡು ಅಂಗಡಿಗೇ ಕಲ್ಲು ಹಾಕ್ತೀಯಾ?"

"ನನ್ನ ಮಗಳಿಗೆ ಕೊಡದಿದ್ದನ್ನ ಇನ್ನೊಬ್ಬಳ ಕೂಸಿಗೆ ಮಾರಕಾಗಲ್ಲ ಮಾವ."

"ದೇಶವೆಲ್ಲ ಮಾರ್ತೈತೆ. ಸರ್ಕಾರ ಬ್ಯಾಡ ಅಂದೈತಾ? ಡಾಕ್ಟ್ರು ಬ್ಯಾಡ ಅಂದಾರಾ? ನೀನೊಬ್ಬಳೇ ತಿಳಿದೋಳು. ಈ ಪ್ಲಾಸ್ಟಿಕ್ಕೇ ನಿನ್ನ ಗಂಡನ್ನ ಓದ್ಸಿದ್ದು."

"ಬಕೆಟ್ ಮಾರ್ರಿ, ಕೊಡ ಮಾರ್ರಿ, ನಾನೇ ಕುಂತು ಮಾರ್ತೀನಿ. ಬಿಸಿ ಉಣ್ಣೋದು, ಕೂಸು ಬಾಯಿಗಿಡೋದು ಮಾತ್ರ ನನ್ನ ಕೈಲಿ ಆಗಲ್ಲ."

"ಹಂಗಾರೆ ಅಂಗಡಿಗೆ ಬರಬ್ಯಾಡ."

"ಸರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದೆ. ಆವರೆಗೆ ಮಾವನಿಗೆ ಎದುರು ಮಾತಾಡಿದವಳೇ ಅಲ್ಲ.

ಮರುದಿನದಿಂದ ನಾನು ಇನ್ನೊಂದು ಕೆಲಸ ಮಾಡಿದೆ, ಅದನ್ನು ನೆನೆದರೆ ಈಗಲೂ ನನಗೆ ಸ್ವಲ್ಪ ನಾಚಿಕೆ, ಸ್ವಲ್ಪ ನಗು. ನಾಮಕರಣದ ಪೆಟ್ಟಿಗೆಯಲ್ಲಿದ್ದ ತಿಳಿಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಟ್ಟಲನ್ನು ತೆಗೆದು, ಒಲೆಯಿಂದ ಆಗತಾನೇ ಇಳಿಸಿದ ಹುರುಳಿಕಾಳಿನ ಸಾರನ್ನು ಅದಕ್ಕೇ ಸುರಿದು ಮಾವನ ಮುದ್ದೆಯ ಪಕ್ಕ ಇಟ್ಟೆ.

"ಇದೇನು?" ಎಂದರು.

"ಮೊಮ್ಮಗಳಿಗೆ ಆಗ್ತೈತೆ ಅಂದ್ರೆ ನಿಮಗೂ ಆಗ್ತೈತಲ್ಲ ಮಾವ."

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು. ನನ್ನ ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾವ ನನ್ನನ್ನೇ ನೋಡುತ್ತ ಮುದ್ದೆ ಮುರಿದು, ಆ ಸಾರಿಗೆ ಅದ್ದಿ, ಕೊನೆಯ ತುತ್ತಿನವರೆಗೂ ಉಂಡರು. ಮಾರನೆಯ ದಿನವೂ ಇಟ್ಟೆ, ಮಾರನೆಯ ದಿನವೂ ಉಂಡರು. ಅವರೂ ಸೋಲುವ ಪೈಕಿ ಅಲ್ಲ. ಬಟ್ಟಲಿನ ಒಳಮೈ ಸಾರಿನ ಹಳದಿ ಕುಡಿದು ಎಷ್ಟು ತಿಕ್ಕಿದರೂ ಬಿಡದಾಯಿತು, ಜಿಡ್ಡು ಅಂಟಿ ನಿಂತಿತು, ಬಿಸಿ ಬಿದ್ದ ತಕ್ಷಣ ಹೊಸ ಕೊಡೆಯ ಬಟ್ಟೆಯಂಥ ವಾಸನೆ ಏಳುತ್ತಿತ್ತು. ಮೂರು ದಿನ, ನಾಲ್ಕು ದಿನ.

ಆರನೆಯ ದಿನ ಅವರು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದರು. ಒಳಗೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಮೂವತ್ತು ವರ್ಷ ಪಾತ್ರೆ ಮಾರಿದ ಕೈ ಅದು.

"ನನ್ನ ಗಂಗಾಳ ಎಲ್ಲೈತೆ?" ಎಂದರು ಅತ್ತೆಗೆ.

ಅತ್ತೆ ಅಗಲವಾದ ಆ ಹಳೆಯ ಕಂಚಿನ ತಟ್ಟೆಯನ್ನು ತಂದಿಟ್ಟರು. ಮಾವ ಉಂಡು ಕೈ ತೊಳೆದು ಎದ್ದು ಹೋದರು.

ಮುಂದಿನ ಭಾನುವಾರ ಬೆಳಗ್ಗೆ ಅವರು ಅಂಗಡಿಗೆ ಹೊರಟವರು ಹೊಸಿಲ ಬಳಿ ನಿಂತು, "ಬರಲ್ವೇನಮ್ಮ?" ಎಂದರು. ಮಗುವನ್ನು ಎತ್ತಿಕೊಂಡು ಹೋದೆ. ತಲೆಯ ಹಿಂದಿನ ಕಪಾಟಿನಲ್ಲಿದ್ದ ಬಾಟ್ಲಿಗಳೆಲ್ಲ ಮೇಲಿನ ಹಲಗೆಗೆ ಏರಿದ್ದವು. ಅವುಗಳ ಜಾಗದಲ್ಲಿ ಸ್ಟೀಲಿನ ಪುಟ್ಟ ಲೋಟ, ಬಟ್ಟಲು, ಮುಚ್ಚಳದ ಡಬ್ಬಿಗಳು ಸಾಲಾಗಿದ್ದವು. ಬಾಟ್ಲಿ ಮಾರುವುದನ್ನು ಅವರು ಪೂರ್ತಿ ನಿಲ್ಲಿಸಲಿಲ್ಲ. ಹಟ ಹಿಡಿದು ಕೇಳಿದವರಿಗೆ ಇಳಿಸಿ ಕೊಡುತ್ತಿದ್ದರು, ಕೊಡುವಾಗ, "ಹಾಲು ಆರಿಸಿ ಹಾಕ್ರಿ, ಮಬ್ಬಾದ್ರೆ ಬಿಸಾಕ್ರಿ" ಎನ್ನುತ್ತಿದ್ದರು. ನಾನು ಮಾತ್ರ ಆ ಮೇಲಿನ ಹಲಗೆಗೆ ಒಂದು ಸಲವೂ ಕೈ ಹಾಕಲಿಲ್ಲ. ಅದರ ಬಗ್ಗೆ ನಮ್ಮಿಬ್ಬರಿಗೂ ವರ್ಷಗಟ್ಟಲೆ ವಾದ ನಡೆಯಿತು. ಆ ಕುರಿಯವರ ಹೆಂಗಸು ಆಮೇಲೆ ಒಮ್ಮೆ ಬಂದು ಎರಡು ಕೊಡ ಒಯ್ದಳು. ಕೂಸು ಚೆನ್ನಾಗಿದೆ, ಅವ್ವನಿಗೆ ಚಮಚ ಒಗ್ಗಿದೆ ಎಂದಳು.

ಮಗಳು ಆರೋಗ್ಯವಾಗಿ ಬೆಳೆದಳು. ಬಾಟ್ಲಿಯಲ್ಲಿ ಕುಡಿದ ನಮ್ಮ ಬೀದಿಯ ಮಕ್ಕಳೂ ಬೆಳೆದರು. "ನೋಡು, ಅವಕ್ಕೇನಾಗೈತೆ?" ಎಂದು ಕೇಳಿದವರು ಬಹಳ ಮಂದಿ. ಏನಾಗಿದೆಯೋ, ಆಗಿಲ್ಲವೋ, ನನಗೆ ಗೊತ್ತಿಲ್ಲ. ನನ್ನ ಕೈಯಲ್ಲಿ ಪ್ರಯೋಗಶಾಲೆ ಇರಲಿಲ್ಲ, ಒಂದು ಮೂಗು, ಒಂದು ಹಳೆಯ ಪಾಠ, ಅಂಟುವ ಬೆರಳು ಇಷ್ಟೇ ಇದ್ದವು. ಕೆಡುಕು ಸಾಬೀತಾಗುವವರೆಗೆ ಕೂಸು ಕುಡಿಯುತ್ತಿರಲಿ ಎನ್ನುವ ನ್ಯಾಯ ನನಗೆ ಅವತ್ತೂ ಒಪ್ಪಿಗೆಯಾಗಲಿಲ್ಲ, ಇವತ್ತೂ ಆಗಿಲ್ಲ. ಯಾರಾದರೂ ಬಾಣಂತಿ ಕೇಳಿದರೆ ಈಗಲೂ ಅದನ್ನೇ ಹೇಳುತ್ತೇನೆ, ಅಂಗಡಿಯ ಒಳಗೇ ಕೂತು ಹೇಳುತ್ತೇನೆ.